ನಂಬರಿಲ್ಲದ ವಾದ್ಯ

ಗಣೇಶ ಚೌತಿಯ ದಿನಗಳಲ್ಲಿ ಗೋವಾದ ದಾಬೋಲಿಮ್‌ನ ಕೇರಿಗಳಲ್ಲಿ ಸಂಜೆ ಹೊತ್ತು ನಡೆದು ಹೋದರೆ ಆರತಿಯ ಹಾಡಿನ ಜೊತೆಗೆ ಗುಮಟೆಯ ಸದ್ದು ಕೇಳಿಸುತ್ತದೆ. ಗೋವಾದವರು ಇದನ್ನು ಘುಮಟ್ ಎನ್ನುತ್ತಾರೆ. ಸುಟ್ಟ ಮಣ್ಣಿನ ಗಡಿಗೆಗೆ ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತಾರೆ, ಸಣ್ಣ ಬಾಯಿ ತೆರೆದೇ ಇರುತ್ತದೆ. ಬಲಗೈ ಚರ್ಮದ ಮೇಲೆ ಆಡುತ್ತದೆ. ಎಡಗೈಯ ಅಂಗೈ ತೆರೆದ ಬಾಯನ್ನು ಮುಚ್ಚುತ್ತ, ಬಿಡುತ್ತ ಒಳಗಿನ ಗಾಳಿಯನ್ನು ಆಳುತ್ತದೆ. ಗೋವಾ ಸರಕಾರ 2019ರಲ್ಲಿ ಇದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಆದರೆ ಗುಮಟೆಗೆ ಗಡಿ ಗೊತ್ತಿಲ್ಲ. ಕಾಳಿ ನದಿ ದಾಟಿ ಕಾರವಾರ, ಅಂಕೋಲಾ, ಕುಮಟಾಕ್ಕೆ ಬಂದರೆ ಹಾಲಕ್ಕಿ ಒಕ್ಕಲಿಗರ, ಗಾಮ ಒಕ್ಕಲಿಗರ ಗುಮಟೆ ಪಾಂಗು ಇದೆ. ಇನ್ನೂ ಕೆಳಗೆ ಉಡುಪಿ ಜಿಲ್ಲೆಗೆ ಹೋದರೆ, ಗೋವಾದಿಂದ ವಲಸೆ ಬಂದ ಕುಡುಬಿಯರು ಹೋಳಿಯಲ್ಲಿ ಇದೇ ವಾದ್ಯ ಹಿಡಿದು ಕುಣಿಯುತ್ತಾರೆ.

ಇಂಥ ವಾದ್ಯಕ್ಕೆ ಕಂಪ್ಯೂಟರಿನ ಸಂಗೀತದಲ್ಲಿ ಜಾಗ ಎಲ್ಲಿದೆ ಎನ್ನುವುದು ಇವತ್ತಿನ ಮಾತು. ಅದಕ್ಕಾಗಿ ಎರಡು ಬಗೆಯ ಕಡತಗಳ ವಿಚಾರ ಹೇಳಬೇಕು. ಒಂದರ ಹೆಸರು ಮಿಡಿ, ಇನ್ನೊಂದರ ಹೆಸರು ಟ್ರ್ಯಾಕರ್ ಮಾಡ್ಯೂಲ್. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವ ಕೆಲಸವನ್ನು ನಾನು ಬಹಳ ದಿನದಿಂದ ಆಸೆಪಟ್ಟು ಮಾಡುತ್ತ ಬಂದಿದ್ದೇನೆ.

ಮಿಡಿ ಹುಟ್ಟಿದ್ದು ವಾದ್ಯ ತಯಾರಕರ ನಡುವಿನ ಒಪ್ಪಂದದಿಂದ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಅದರ ಮುಂದಾಳುಗಳು. 1983ರ ಜನವರಿಯಲ್ಲಿ ಬೇರೆ ಬೇರೆ ಕಂಪನಿಗಳ ಎರಡು ಕೀಬೋರ್ಡುಗಳನ್ನು ಒಂದು ತಂತಿಯಿಂದ ಜೋಡಿಸಿ, ಒಂದನ್ನು ಒತ್ತಿದರೆ ಇನ್ನೊಂದು ನುಡಿಯುವುದನ್ನು ಕ್ಯಾಲಿಫೋರ್ನಿಯಾದ ವಾದ್ಯ ಪ್ರದರ್ಶನದಲ್ಲಿ ತೋರಿಸಿದರು. ಆ ತಂತಿಯಲ್ಲಿ ಹರಿಯುವುದು ಸದ್ದಲ್ಲ, ಬರೀ ಅಂಕಿ. ಉದಾಹರಣೆಗೆ 144, 60, 100. ಮೊದಲ ಅಂಕಿ ‘ಒಂದನೆಯ ಚಾನೆಲ್‌ನಲ್ಲಿ ಸ್ವರ ಹಿಡಿ’ ಎನ್ನುತ್ತದೆ. ಎರಡನೆಯದು ಯಾವ ಸ್ವರ ಎಂದು, ಮೂರನೆಯದು ಎಷ್ಟು ಜೋರಾಗಿ ಎಂದು ತಿಳಿಸುತ್ತದೆ. ಅಷ್ಟನ್ನೂ ಕಾಲದ ಲೆಕ್ಕದೊಡನೆ ಬರೆದಿಟ್ಟರೆ ಅದೇ ಮಿಡಿ ಕಡತ. ನಮ್ಮ ಸಂಗೀತದ ಸ್ವರಪ್ರಸ್ತಾರದ ಪುಸ್ತಕ ಇದ್ದಂತೆ. ಪುಸ್ತಕದಲ್ಲಿ ಶಾರೀರ ಇರುವುದಿಲ್ಲ, ಹಾಡುವವರು ತಂದುಕೊಳ್ಳಬೇಕು.

ಹಾಡುವವರು ಬದಲಾದಂತೆ ದನಿ ಬದಲಾಗಿ ಗೊಂದಲವಾಗಬಾರದು ಎಂದು 1991ರಲ್ಲಿ ಜನರಲ್ ಮಿಡಿ ಎಂಬ ಪಟ್ಟಿ ಮಾಡಿದರು. ಒಟ್ಟು 128 ವಾದ್ಯ, ಪ್ರತಿಯೊಂದಕ್ಕೂ ಒಂದು ನಂಬರು. ಅದರಲ್ಲಿ ಭಾರತದ ಪಾಲಿಗೆ 105ನೆಯ ಸಿತಾರ್ ಮತ್ತು 112ನೆಯ ಶಹನಾಯಿ. ತಾಳವಾದ್ಯಗಳಿಗೆ ಹತ್ತನೆಯ ಚಾನೆಲ್ ಬೇರೆ ಇಟ್ಟು, ಅಲ್ಲಿ ಸ್ವರದ ನಂಬರನ್ನೇ ವಾದ್ಯದ ನಂಬರು ಮಾಡಿದರು. 35ರಿಂದ 81ರವರೆಗೆ 47 ಸದ್ದುಗಳು. ಕ್ಯೂಬಾದ ಬಾಂಗೋ, ಕಾಂಗಾ ಇವೆ. ಬ್ರೆಜಿಲಿನ ಕುಯಿಕಾ ಇದೆ. ತಬಲಾ ಇಲ್ಲ, ಮೃದಂಗ ಇಲ್ಲ, ಗುಮಟೆಯಂತೂ ಇಲ್ಲವೇ ಇಲ್ಲ. ಆಮೇಲೆ ಕಂಪನಿಗಳು ತಮ್ಮ ತಮ್ಮ ಕೀಬೋರ್ಡುಗಳಲ್ಲಿ ತಬಲಾ, ಢೋಲಕ್ ಸೇರಿಸಿದವು, ನಿಜ. ಆದರೆ ಒಂದು ಕಂಪನಿಯ ನಂಬರು ಇನ್ನೊಂದಕ್ಕೆ ಹೊಂದಲಿಲ್ಲ.

ಪಟ್ಟಿ ಮಾಡಿದವರಿಗೆ ನಮ್ಮ ಮೇಲೆ ಏನೂ ದ್ವೇಷವಿರಲಿಲ್ಲ. ಅವರಿಗೆ ಗೊತ್ತಿದ್ದ ಮಾರುಕಟ್ಟೆಯ ವಾದ್ಯಗಳನ್ನು ಬರೆದರು. ಆದರೆ ಆ ಪಟ್ಟಿ ಮೂವತ್ತು ವರ್ಷ ಮೀರಿ ಉಳಿದುಬಿಟ್ಟಿತು. ರಸಮಂಜರಿ ಕಾರ್ಯಕ್ರಮಗಳ ಕೀಬೋರ್ಡಿನಲ್ಲಿ, ಕರೋಕೆಯಲ್ಲಿ, ಮೊಬೈಲಿನ ಹಳೆಯ ರಿಂಗ್‌ಟೋನುಗಳಲ್ಲಿ ನಮ್ಮ ಹಾಡು ಅದೇ 128 ದನಿಗಳಲ್ಲಿ ಬಂತು. ಗುಮಟೆಯ ತಾಳವನ್ನು ಯಾರಾದರೂ ಮಿಡಿಗೆ ಇಳಿಸಬೇಕೆಂದರೆ ಕಾಂಗಾದ 62, 63, 64ನೆಯ ನಂಬರುಗಳಿಗೆ ಇಳಿಸಬೇಕು. ಇಳಿಸಿದವರೂ ಇದ್ದಾರೆ. ಅಂಥ ಒಂದು ಆರತಿಯ ಕಡತ ನನ್ನ ಕೈಗೆ ಬಂದದ್ದರಿಂದಲೇ ಈ ಕೆಲಸ ಹಿಡಿದದ್ದು.

ನಮ್ಮ ಕೇರಿಯಲ್ಲಿ ಗುಮಟೆ ನುಡಿಸುವ ಹಿರಿಯರೊಬ್ಬರಿದ್ದಾರೆ, ನಾನು ಮಾಮ ಎಂದು ಕರೆಯುತ್ತೇನೆ. ಆ ಕಡತವನ್ನು ಅವರಿಗೆ ಕೇಳಿಸಿದೆ. ಕೊನೆಯವರೆಗೂ ಬೆರಳಲ್ಲಿ ತಾಳ ಹಾಕುತ್ತ ಕೇಳಿದರು. ಆಮೇಲೆ, “ಬಾಯ್, ತಾಳ ಸರಿ ಇದೆ. ಎಡಗೈ ಎಲ್ಲಿ?” ಎಂದರು. ಅವರು ಕೇಳಿದ್ದು ಕೊಂಕಣಿಯಲ್ಲಿ, ಪ್ರಶ್ನೆ ಮಾತ್ರ ನೇರವಾಗಿ ಮಿಡಿಯ ಬುಡಕ್ಕೇ ಹೋಯಿತು. ಆ ಕಡತದಲ್ಲಿ ಪ್ರತಿ ಪೆಟ್ಟಿಗೂ ಹೊತ್ತು ಇತ್ತು, ಜೋರು ಇತ್ತು. ಬಾಯಿ ಮುಚ್ಚಿದೆಯೋ ತೆರೆದಿದೆಯೋ ಎಂದು ಬರೆಯುವುದಕ್ಕೆ ಜಾಗ ಇರಲಿಲ್ಲ.

ಈಗ ಎರಡನೆಯ ಬಗೆಯ ಕಡತಕ್ಕೆ ಬರೋಣ. 1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಎಂಬವರು ಅಮಿಗಾ ಕಂಪ್ಯೂಟರಿಗಾಗಿ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಎಂಬ ತಂತ್ರಾಂಶ ಬರೆದರು. ಆ ಕಂಪ್ಯೂಟರಿನ ಪೌಲಾ ಎಂಬ ಚಿಪ್ ಏಕಕಾಲಕ್ಕೆ ನಾಲ್ಕು ಸದ್ದು ನುಡಿಸಬಲ್ಲದು. ಆ ನಾಲ್ಕಕ್ಕೆ ನಾಲ್ಕು ಕಂಬಸಾಲು, ಮೇಲಿನಿಂದ ಕೆಳಕ್ಕೆ 64 ಅಡ್ಡಸಾಲಿನ ಒಂದೊಂದು ಪುಟ, ಪ್ರತಿ ಮನೆಯಲ್ಲಿ ಒಂದು ಸ್ವರ, ಒಂದು ವಾದ್ಯದ ನಂಬರು, ಒಂದು ಚಿಕ್ಕ ಆಜ್ಞೆ. ಈ ಪದ್ಧತಿಯಲ್ಲಿ ಬೆಳೆದ ಮಾಡ್ಯೂಲ್ ಕಡತದೊಳಗೆ ಸ್ವರಗಳ ಪಟ್ಟಿಯ ಜೊತೆಗೆ ಸದ್ದುಗಳೂ ಇರುತ್ತವೆ. ಅಂದರೆ ನೀವು ಧ್ವನಿಮುದ್ರಿಸಿದ ತುಣುಕುಗಳು, ಸ್ಯಾಂಪಲ್‌ಗಳು. ಮುಂದೆ 1994ರಲ್ಲಿ ಸ್ವೀಡನ್ನಿನ ಫಾಸ್ಟ್‌ಟ್ರ್ಯಾಕರ್ 2 ತನ್ನ ಎಕ್ಸ್‌ಎಂ ಮಾದರಿಯಲ್ಲಿ 32 ಚಾನೆಲ್ ಕೊಟ್ಟಿತು. ಮರುವರ್ಷ ಆಸ್ಟ್ರೇಲಿಯಾದ ಜೆಫ್ರಿ ಲಿಮ್ ಅವರ ಇಂಪಲ್ಸ್ ಟ್ರ್ಯಾಕರ್ 64 ಕೊಟ್ಟಿತು. ಬಹುತೇಕ ಹದಿಹರೆಯದ ಹುಡುಗರು ಮನೆಯಲ್ಲಿ ಕೂತು ಕಟ್ಟಿದ ಲೋಕ ಅದು. ಅವರು ಯಾವ ಪಟ್ಟಿಯನ್ನೂ ಕೇಳಲಿಲ್ಲ. ತಟ್ಟೆ ಬಡಿದ ಸದ್ದನ್ನು ಒಂದನೆಯ ವಾದ್ಯ ಎಂದರೆ ಅದೇ ಒಂದನೆಯ ವಾದ್ಯ. ಗುಮಟೆಗೆ ಬೇಕಾದದ್ದೂ ಇಷ್ಟೇ.

ಮಾರ್ಪಾಟು ಹೇಗೆ? ಓಪನ್‌ಎಂಪಿಟಿ ಎಂಬ ಉಚಿತ ತಂತ್ರಾಂಶಕ್ಕೆ ಮಿಡಿ ಕಡತ ಕೊಟ್ಟರೆ ಸಾಲುಗಳನ್ನು ತಾನೇ ತುಂಬಿಕೊಡುತ್ತದೆ. ವಿಂಡೋಸ್ ಜೊತೆಗೆ ಬರುವ ರೋಲ್ಯಾಂಡ್ ದನಿಗಳನ್ನೂ ಹಾಕಿಕೊಡುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಹಳೆಯ ಕಾಂಗಾವೇ ಹೊಸ ಕಡತದಲ್ಲಿ ಕೂತಂತಾಯಿತು. ನಿಜವಾದ ಕೆಲಸ ಶುರುವಾಗುವುದು ಆಮೇಲೆ.

ಮೊದಲು ಕಾಲದ ಲೆಕ್ಕ. ಮಿಡಿಯಲ್ಲಿ ಒಂದು ಎಣಿಕೆಯನ್ನು ಸಾಮಾನ್ಯವಾಗಿ 480 ಭಾಗ ಮಾಡಿರುತ್ತಾರೆ. ಟ್ರ್ಯಾಕರಿನಲ್ಲಿ ಒಂದು ಎಣಿಕೆಗೆ ನಾಲ್ಕು ಸಾಲು, ಒಂದು ಸಾಲಿಗೆ ಆರು ಟಿಕ್ ಎಂಬುದು ರೂಢಿ. ಒಟ್ಟು 24 ಟಿಕ್. ಹಾಗಾಗಿ ಮಿಡಿಯ 20 ಭಾಗ ಇಲ್ಲಿಯ ಒಂದು ಟಿಕ್ಕಿಗೆ ಸಮ. ಎಣಿಕೆಗೆ ಮೂರು ಪೆಟ್ಟಿನ ತಿಶ್ರ ನಡೆಯಲ್ಲಿ ಎರಡನೆಯ ಪೆಟ್ಟು 160ರಲ್ಲಿ ಬೀಳುತ್ತದೆ, ಅಂದರೆ ಎಂಟು ಟಿಕ್. ಒಂದು ಸಾಲು ದಾಟಿ ಎರಡು ಟಿಕ್ ತಡೆದು ನುಡಿಸಬೇಕು. ಎಕ್ಸ್‌ಎಂ ಕಡತದಲ್ಲಿ ಆ ಮನೆಯಲ್ಲಿ ಇಡಿ2 ಎಂದು ಬರೆದರೆ ಸಾಕು. ಮೂರನೆಯ ಪೆಟ್ಟಿಗೆ ಇಡಿ4. ಒಂದು ಕೂದಲೆಳೆಯೂ ಆಚೀಚೆ ಆಗುವುದಿಲ್ಲ. ಎಣಿಕೆಗೆ ಐದು ಪೆಟ್ಟಿನ ಖಂಡ ನಡೆಗೆ ಮಾತ್ರ ಈ ಲೆಕ್ಕ ಒಗ್ಗದು, 24 ಐದರಿಂದ ಭಾಗವಾಗದು. ಆಗ ಎಣಿಕೆಗೆ ಐದು ಸಾಲು ಇಟ್ಟುಕೊಂಡು ಪುಟದ ಉದ್ದವನ್ನೂ ಐದರ ಗುಣಕ ಮಾಡಿಕೊಳ್ಳುವುದು. 64 ಸಾಲು ಇರಲೇಬೇಕೆಂಬ ನಿಯಮ ಅಮಿಗಾ ಕಾಲದ ಮಾಡ್ ಕಡತದ್ದು, ಎಕ್ಸ್‌ಎಂಗೆ ಅದಿಲ್ಲ. ತಾಳ ತಿಳಿದವರು ಟ್ರ್ಯಾಕರ್ ಮುಂದೆ ಕೂತರೆ ಬೇಗ ಕಲಿಯುತ್ತಾರೆ ಎನ್ನುವುದು ನನ್ನ ಅನುಭವ. ನಡೆ, ಎಡುಪು ಎಲ್ಲ ಕಣ್ಣೆದುರೇ ಸಾಲಾಗಿ ಇಳಿದು ಬರುತ್ತವೆ.

ಕೆಲವು ತಂತ್ರಾಂಶಗಳು ಪ್ರತಿ ಪೆಟ್ಟನ್ನೂ ಹತ್ತಿರದ ಸಾಲಿಗೆ ಎಳೆದು ಅಂಟಿಸುತ್ತವೆ. ಹಾಗೆ ಅಂಟಿಸಲು ಬಿಡಬಾರದು. ಆರತಿಯ ಗುಮಟೆಯಲ್ಲಿ ಕೆಲವು ಪೆಟ್ಟು ತುಸು ಹಿಂದೆ ಜಾರಿ ಬೀಳುವುದರಲ್ಲೇ ಅದರ ನಡಿಗೆ ಇದೆ. ಮಿಡಿ ಬರೆದವರು ಕೈಯಲ್ಲಿ ನುಡಿಸಿ ಬರೆದಿದ್ದರೆ ಆ ಜಾರು ಕಡತದಲ್ಲಿ ಉಳಿದಿರುತ್ತದೆ. ಅದನ್ನು ಟಿಕ್ ಟಿಕ್ಕಾಗಿ ಉಳಿಸಿಕೊಳ್ಳಬೇಕು.

ಆಮೇಲೆ ಪೆಟ್ಟುಗಳ ಹಂಚಿಕೆ. ಮಿಡಿಯಲ್ಲಿ 153, 64, 100 ಎಂದು ಬಂದರೆ ‘ತಗ್ಗು ಕಾಂಗಾವನ್ನು 100ರ ಬಲದಲ್ಲಿ ಹೊಡೆ’ ಎಂದರ್ಥ. ಟ್ರ್ಯಾಕರಿನಲ್ಲಿ ಬಲದ ಅಳತೆ 64ಕ್ಕೆ ಮುಗಿಯುತ್ತದೆ, ಹಾಗಾಗಿ 100 ಇಲ್ಲಿ 50 ಆಗುತ್ತದೆ. ಆದರೆ ಮೆಲ್ಲನೆಯ ಪೆಟ್ಟು ಎಂದರೆ ಜೋರು ಪೆಟ್ಟಿನ ದನಿ ತಗ್ಗಿಸಿದ್ದು ಅಲ್ಲ. ಮೆಲ್ಲಗೆ ತಟ್ಟಿದಾಗ ಚರ್ಮದ ಚುರುಕು ಇರುವುದಿಲ್ಲ, ಗಡಿಗೆಯ ಗುಂಯ್‌ಕಾರವೇ ಹೆಚ್ಚು. ಅದಕ್ಕೇ ಎರಡನ್ನೂ ಬೇರೆ ಬೇರೆ ಮುದ್ರಿಸಿಕೊಂಡು, 70ಕ್ಕಿಂತ ಕೆಳಗಿನ ಬಲಕ್ಕೆ ಮೆಲ್ಲನೆಯ ಪೆಟ್ಟಿನ ಸ್ಯಾಂಪಲ್ ಇಡುತ್ತೇನೆ. ಯಾವ ಕಾಂಗಾ ಪೆಟ್ಟಿಗೆ ಗುಮಟೆಯ ಯಾವ ಪೆಟ್ಟು ಎಂಬುದನ್ನು ಯಂತ್ರ ಹೇಳಲಾರದು. ಅದನ್ನು ಮಾಮ ಹೇಳಿದರು. ಸಾಲು ಸಾಲಾಗಿ ಪಕ್ಕದಲ್ಲಿ ಕೂತು, “ಇಲ್ಲಿ ಬಾಯಿ ತೆರೆದಿರಬೇಕು, ಇಲ್ಲಿ ಮುಚ್ಚಬೇಕು, ಇಲ್ಲಿ ಹೊಡೆದ ಮೇಲೆ ಮುಚ್ಚಬೇಕು” ಎಂದು.

ಹೊಡೆದ ಮೇಲೆ ಮುಚ್ಚುವ ಆ ಪೆಟ್ಟಿನಲ್ಲೇ ಗುಮಟೆಯ ಜೀವ ಇರುವುದು. ದನಿ ಕೆಳಕ್ಕೆ ಬಾಗುತ್ತದೆ. ಟ್ರ್ಯಾಕರಿನಲ್ಲಿ ದನಿ ಬಾಗಿಸುವ ಆಜ್ಞೆ ಇದೆ, ಎಕ್ಸ್‌ಎಂನಲ್ಲಿ ಒಂದು ಸ್ವರಸ್ಥಾನದ ಅಂತರವನ್ನು 64 ಭಾಗ ಮಾಡುವಷ್ಟು ಸೂಕ್ಷ್ಮವಾಗಿಯೇ ಇದೆ. ಹಾಗಾದರೆ ತೆರೆದ ಪೆಟ್ಟನ್ನೇ ಆಜ್ಞೆ ಕೊಟ್ಟು ಬಾಗಿಸಬಹುದಲ್ಲ ಎಂದು ಯಾರಿಗಾದರೂ ತೋರುತ್ತದೆ. ಕೇಳಿದರೆ ಸುಳ್ಳು ಅನಿಸುತ್ತದೆ. ಕಾರಣ ಇದೆ. ಗಡಿಗೆಯೊಳಗಿನ ಗಾಳಿಗೆ ತನ್ನದೇ ಒಂದು ಶ್ರುತಿ ಇರುತ್ತದೆ. ಬಾಯಿ ಕಿರಿದಾದಂತೆ ಆ ಶ್ರುತಿ ಇಳಿಯುತ್ತದೆ, 19ನೆಯ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಇದರ ಲೆಕ್ಕವನ್ನು ವಿವರಿಸಿದ್ದಾರೆ. ಅಂಗೈ ಬದಲಿಸುವುದು ಮುಖ್ಯವಾಗಿ ಆ ಗಾಳಿಯ ದನಿಯನ್ನು. ಟ್ರ್ಯಾಕರಿನ ಆಜ್ಞೆಯಾದರೋ ಸ್ಯಾಂಪಲ್ಲನ್ನು ಇಡಿಯಾಗಿ ನಿಧಾನಗೊಳಿಸುತ್ತದೆ. ಗಾಳಿಯ ಜೊತೆಗೆ ಚರ್ಮದ ಚಟ್ ಸದ್ದೂ, ಬೆರಳಿನ ಸದ್ದೂ ಇಳಿದುಬಿಡುತ್ತವೆ. ಗಡಿಗೆಯೇ ಉಬ್ಬಿ ದೊಡ್ಡದಾದಂತೆ ಕೇಳುತ್ತದೆ. ಆದ್ದರಿಂದ ಬಾಗುವ ಪೆಟ್ಟನ್ನು ಬಾಗುವ ಪೆಟ್ಟಾಗಿಯೇ ಮುದ್ರಿಸಬೇಕು. ಆರತಿಯ ವೇಗ ಏರುತ್ತ ಹೋಗುವುದರಿಂದ, ನಿಧಾನವಾಗಿ ಮುಚ್ಚಿದ್ದು ಒಂದು, ಬೇಗ ಮುಚ್ಚಿದ್ದು ಇನ್ನೊಂದು ಇರಬೇಕು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಟ್ರ್ಯಾಕರಿನ ಒಂದು ಚಾನೆಲ್‌ನಲ್ಲಿ ಹೊಸ ಸದ್ದು ಬಂದರೆ ಹಳೆಯದು ಅಲ್ಲೇ ಕಡಿಯುತ್ತದೆ. ಇದನ್ನು ಕೊರತೆ ಎನ್ನುವವರು ಬಹಳ. ಪಿಟೀಲು, ಹಾರ್ಮೋನಿಯಂಗೆ ಕೊರತೆಯೇ ಹೌದು, ಅದಕ್ಕೆ ಇಂಪಲ್ಸ್ ಟ್ರ್ಯಾಕರ್ ಹಳೆಯ ಸದ್ದನ್ನು ಹಿಂದೆ ಉಳಿಸುವ ಉಪಾಯ ಮಾಡಿತು. ಗುಮಟೆಗೆ ಇರುವುದು ಒಂದೇ ಚರ್ಮ, ಒಂದೇ ಗಡಿಗೆ. ಮುಂದಿನ ಪೆಟ್ಟು ಬಿದ್ದಾಗ ಹಿಂದಿನ ಅನುರಣನ ಅಲ್ಲಿಗೆ ಅಡಗುತ್ತದೆ. ಹಾಗಾಗಿ ಗುಮಟೆಯ ಎಲ್ಲ ಪೆಟ್ಟುಗಳನ್ನೂ ಒಂದೇ ಚಾನೆಲ್‌ನಲ್ಲಿಟ್ಟರೆ ಒಬ್ಬರೇ ನುಡಿಸಿದಂತೆ ಕೇಳುತ್ತದೆ. ಮಿಡಿಯಲ್ಲಿ ಒಂದರ ಮೇಲೊಂದು ಸದ್ದು ಬಿದ್ದು ಮೂರು ಜನ ಮೂರು ಗಡಿಗೆ ಬಡಿದಂತಿತ್ತು. ಜೊತೆಯಲ್ಲಿ ಬರುವ ಕಾಸಾಳೆಯ ವಿಷಯ ಬೇರೆ, ಕಂಚಿನ ತಾಳದ ಅನುರಣನ ಉದ್ದ. ಅದಕ್ಕೆ ಎರಡು ಚಾನೆಲ್ ಕೊಟ್ಟು ಒಂದಾದ ಮೇಲೊಂದರಲ್ಲಿ ಬರೆದರೆ ಕಡಿದುಹೋಗದು. ಜೊತೆಗೆ ನುಡಿಯುವ ಇನ್ನೊಂದು ಚರ್ಮವಾದ್ಯ ಶಾಮೇಳಕ್ಕೆ ಕಡ್ಡಿಯ ಎರಡು ಪೆಟ್ಟು ಸಾಕು.

ಮುದ್ರಣದ ಕಷ್ಟ ದಾಬೋಲಿಮ್‌ನವರಿಗೇ ಗೊತ್ತು. ವಿಮಾನ ನಿಲ್ದಾಣ ನೌಕಾಪಡೆಯ ಹಂಸ ನೆಲೆಯಲ್ಲಿದೆ. ಹಗಲು ಯುದ್ಧವಿಮಾನ ಏರಿದರೆ ಕಿಟಕಿಯ ಗಾಜು ನಡುಗುತ್ತದೆ. ಪ್ರಯಾಣಿಕ ವಿಮಾನಗಳ ಪೈಕಿ ಒಂದಷ್ಟು 2023ರಿಂದ ಮೋಪಾದ ಹೊಸ ವಿಮಾನ ನಿಲ್ದಾಣಕ್ಕೆ ಹೋದರೂ ಸಾಕಷ್ಟು ಇಲ್ಲೇ ಇಳಿಯುತ್ತವೆ. ವಾಸ್ಕೋದಿಂದ ಹೊರಟು ಹುಬ್ಬಳ್ಳಿ ಕಡೆಗೆ ಹೋಗುವ ರೈಲಿನ ಕೂಗು ಬೇರೆ. ಕೂಗನ್ನಾದರೂ ಸೋಸಿ ತೆಗೆಯಬಹುದು. ವಿಮಾನದ ತಗ್ಗು ಗುಡುಗನ್ನು ತೆಗೆಯಲಾಗದು, ಗುಮಟೆಯ ತಗ್ಗು ದನಿ ಇರುವುದೂ ಅದೇ ನೆಲೆಯಲ್ಲಿ. ಅದನ್ನು ಸೋಸಿದರೆ ಇದೂ ಹೋಗುತ್ತದೆ. ಹಾಗಾಗಿ ಊರು ಮಲಗಿದ ಮೇಲೆ, ಒಳಕೋಣೆಯಲ್ಲಿ, ಫ್ಯಾನ್ ಆರಿಸಿ ಕೂರುವುದು.

ಋತುವನ್ನೂ ನೋಡಬೇಕು. ಹಿಂದೆ ಗುಮಟೆಗೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಉಡಕ್ಕೆ ರಕ್ಷಣೆ ಕೊಟ್ಟಿದೆ, ಈಗ ಆಡಿನ ಚರ್ಮ. ಉಡ ಬದುಕಿಕೊಂಡಿತು, ಅದು ಒಳ್ಳೆಯದೇ ಆಯಿತು. ಆಡಿನ ಚರ್ಮ ಮಳೆಗಾಲದ ತೇವಕ್ಕೆ ಸಡಿಲಾಗುತ್ತದೆ, ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡಿಕೊಳ್ಳಬೇಕು. ಚೌತಿ ಬರುವುದು ಮಳೆಯ ದಿನಗಳಲ್ಲೇ. ಮೇ ತಿಂಗಳ ಬಿಸಿಲಿನಲ್ಲಿ ಮುದ್ರಿಸಿದ ಗುಮಟೆಗೂ ಚೌತಿಯ ಗುಮಟೆಗೂ ದನಿ ಬೇರೆ. ಆರತಿಯ ಮಾಡ್ಯೂಲಿಗೆ ಚೌತಿಯ ಕಾಲದ ಪೆಟ್ಟುಗಳೇ ಇರಲಿ ಎಂದು ನಾನು ಹಟ ಹಿಡಿಯುತ್ತೇನೆ.

ಇಷ್ಟೆಲ್ಲ ಸೇರಿ ಕಡತ ಎಷ್ಟು ದೊಡ್ಡದು? ಅರ್ಧ ಸೆಕೆಂಡಿನ ಒಂದು ಪೆಟ್ಟನ್ನು ಸೆಕೆಂಡಿಗೆ 22,050 ಮಾದರಿಯಂತೆ 8 ಬಿಟ್‌ನಲ್ಲಿಟ್ಟರೆ 11,025 ಬೈಟ್. ಒಂದು ಡಜನ್ ಪೆಟ್ಟು, ತಾಳ, ಹಾರ್ಮೋನಿಯಂನ ಒಂದೆರಡು ತುಣುಕು ಸೇರಿದರೂ ಇಡೀ ಆರತಿ ಒಂದು ಮೊಬೈಲ್ ಫೋಟೋಗಿಂತ ಚಿಕ್ಕದು. ಯಾರ ಕಂಪ್ಯೂಟರಿನಲ್ಲಿ ತೆರೆದರೂ ಅದೇ ಗಡಿಗೆ, ಅದೇ ಅಂಗೈ. ಬೇಕಾದವರು ಸಾಲು ಸಾಲು ಬಿಚ್ಚಿ ನೋಡಬಹುದು, ಯಾವ ಪೆಟ್ಟು ಎಲ್ಲಿ ಬಿತ್ತು ಎಂದು ಕಲಿಯಬಹುದು. ಎಂಪಿ3ಯಲ್ಲಿ ಕೇಳಬಹುದೇ ಹೊರತು ಹೀಗೆ ಬಿಚ್ಚಲಾಗದು. ಮುಗಿದ ಮಾಡ್ಯೂಲನ್ನು ಮಾಮನಿಗೆ ಕೇಳಿಸಿದಾಗ ಎರಡು ಕಡೆ ನಿಲ್ಲಿಸಿ ಪೆಟ್ಟು ಬದಲಿಸಲು ಹೇಳಿದರು, ಉಳಿದದ್ದಕ್ಕೆ ತಲೆಯಾಡಿಸಿದರು.

ನನ್ನ ಆಸೆ ದಾಬೋಲಿಮ್‌ಗೆ ಮುಗಿಯುವುದಿಲ್ಲ. ಹಾಲಕ್ಕಿಯವರ ಗುಮಟೆಯ ಪೆಟ್ಟು ಆರತಿಯ ಪೆಟ್ಟಲ್ಲ, ಅದರ ಜೊತೆಗೆ ಜಾಗಟೆ ಇದೆ. ಕುಡುಬಿಯರ ಹೋಳಿಯ ಗತ್ತು ಇನ್ನೊಂದು. ಇಲ್ಲಿ ಝುವಾರಿನಗರ, ಬೈನಾ ಕಡೆ ನೆಲೆಸಿರುವ ನಮ್ಮ ಉತ್ತರ ಕರ್ನಾಟಕದ ಮಂದಿಯ ಹಲಗೆಗೂ ಆ 128ರ ಪಟ್ಟಿಯಲ್ಲಿ ನಂಬರು ಇಲ್ಲ. ಇವೆಲ್ಲವುಗಳ ಪೆಟ್ಟುಗಳೂ ಬೇಕು.

ನುಡಿಸುವವರು ಯಾರಾದರೂ ಕೇಳುತ್ತಿದ್ದರೆ, ಅಥವಾ ನಿಮ್ಮ ಮನೆಯ ಮಕ್ಕಳ ಕೈಯಲ್ಲಿ ಒಳ್ಳೆಯ ಮೊಬೈಲ್ ಇದ್ದರೆ, ಹೀಗೆ ಮಾಡಿ. ಫೋನನ್ನು ಚರ್ಮದಿಂದ ಒಂದು ಮೊಳ ದೂರ, ತೆರೆದ ಬಾಯಿಯ ಎದುರಿಗೆ ಬರದಂತೆ ಪಕ್ಕಕ್ಕೆ ಇಡಿ, ಇಲ್ಲದಿದ್ದರೆ ಬರೀ ಗಾಳಿಯ ಹೊಡೆತ ಬರುತ್ತದೆ. ಗದ್ದಲ ತಗ್ಗಿಸುವ ಸೌಲಭ್ಯವನ್ನು ನಿಲ್ಲಿಸಿ, ಅದು ಪೆಟ್ಟಿನ ಬಾಲವನ್ನು ಗದ್ದಲವೆಂದು ತಿಳಿದು ಕತ್ತರಿಸುತ್ತದೆ. ವ್ಯಾವ್ ರೂಪದಲ್ಲೇ ಮುದ್ರಿಸಿ, ವಾಟ್ಸಾಪ್‌ನ ಧ್ವನಿ ಸಂದೇಶವಾಗಿ ಕಳಿಸಬೇಡಿ. ಒಂದೊಂದು ಪೆಟ್ಟನ್ನೂ ಮೂರು ಸಲ ಹೊಡೆಯಿರಿ, ಪ್ರತಿ ಸಲವೂ ದನಿ ಪೂರ್ತಿ ಅಡಗುವವರೆಗೆ ಕಾಯಿರಿ. ಮೆಲ್ಲಗೆ, ಜೋರಾಗಿ, ತೆರೆದು, ಮುಚ್ಚಿ, ಹೊಡೆದು ಮುಚ್ಚಿ. ಕೊನೆಗೆ ಇಡೀ ತಾಳವನ್ನು ಒಮ್ಮೆ ನುಡಿಸಿ, ಹಂಚಿಕೆ ಮಾಡುವಾಗ ಅದನ್ನು ನೋಡಿಕೊಳ್ಳಬೇಕಾಗುತ್ತದೆ.

ಮುದ್ರಿಸಿದ ಮೇಲೆ ಊರು, ತಿಂಗಳು, ಯಾವ ಚರ್ಮ, ಯಾರ ಕೈ ಎಂದು ಬಾಯಲ್ಲಿ ಹೇಳಿಬಿಡಿ. ಹಳೆಯ ಮಾಡ್ಯೂಲ್ ಕಡತದಲ್ಲಿ ಪ್ರತಿ ಸ್ಯಾಂಪಲ್ಲಿನ ಹೆಸರಿಗೆ 22 ಬೈಟ್ ಜಾಗ ಇರುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕಾದ್ದರಿಂದ ಅಲ್ಲಿ ಏಳು ಹಿಡಿದರೆ ಹೆಚ್ಚು, ಹಳೆಯ ತಂತ್ರಾಂಶಗಳಿಗೆ ಓದಲೂ ಬಾರದು. ಹಾಗಾಗಿ ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಊರಿನ ಹೆಸರನ್ನು ಬರೆಯುತ್ತೇನೆ. ಇಂಪಲ್ಸ್ ಟ್ರ್ಯಾಕರ್ ಮಾದರಿಯ ಕಡತದಲ್ಲಿ ಉದ್ದನೆಯ ಸಂದೇಶ ಬರೆಯುವ ಜಾಗ ಬೇರೆಯೇ ಇದೆ. ನುಡಿಸಿದವರು ಒಪ್ಪಿದರೆ ಅವರ ಹೆಸರನ್ನು ಅಲ್ಲಿ ಪೂರ್ತಿ ಬರೆಯುತ್ತೇನೆ, ಕಡತ ಎಲ್ಲಿಗೆ ಹೋದರೂ ಹೆಸರು ಜೊತೆಗೇ ಹೋಗುತ್ತದೆ.